ಕರೆಂಟಿಲ್ಲದ ಬೇಲಿಯ ವಕೀಲರು

ನಮ್ಮ ಸೀನಿಯರ್ ತೀರಿಕೊಂಡ ವಾರದಲ್ಲೇ ಕೊಳ್ಳೇಗಾಲದ ವಕೀಲರ ಸಂಘದಲ್ಲಿ ಸಂತಾಪ ಸಭೆ ನಡೆಯಿತು. ಮಾತನಾಡಿದವರೆಲ್ಲ ಅವರನ್ನು ಸರಳ, ಸಜ್ಜನ, ಮೃದುಭಾಷಿ ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ತಪ್ಪಿ ಬೇರೆ ಯಾರದೋ ಸಭೆಗೆ ಬಂದೆನೇನೋ ಅನ್ನಿಸಿತು. ಸರಳ ಅಲ್ಲವೇ ಅಲ್ಲ. ತಲೆಗೂದಲಿಗೆ ಕರಿ ಹಚ್ಚದೆ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಸಜ್ಜನ ಅನ್ನುವುದನ್ನು ಅವರ ಕಕ್ಷಿದಾರರೂ ಒಪ್ಪಲಾರರು. ಇನ್ನು ಮೃದುಭಾಷಿ. ಅವರು ಒಳಗೆ ಪಾಟಿಸವಾಲು ಶುರುಮಾಡಿದರೆ ಹೊರಗೆ ಬೀದಿಯಲ್ಲಿ ಟೀ ಮಾರುವವನು "ಇವತ್ತು ಯಾರೋ ಸಿಕ್ಕಾಕಂಡವ್ರೆ" ಎನ್ನುತ್ತಿದ್ದ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಆದರೆ ಅವರ ಬಗ್ಗೆ ಆಡಬೇಕು ತಾನೆ.

ಅವರು ಯಾವತ್ತೂ ಲಂಚ ಕೊಡಲಿಲ್ಲ ಎಂದು ಒಬ್ಬರು ಗದ್ಗದಿತರಾಗಿ ಹೇಳಿದರು. ಅದು ನಿಜ. ಆದರೆ ಅದನ್ನು ಪ್ರಾಮಾಣಿಕತೆ ಎಂದು ಕರೆದದ್ದು ಸೀನಿಯರ್ ಕಿವಿಗೆ ಬಿದ್ದಿದ್ದರೆ ನಕ್ಕುಬಿಡುತ್ತಿದ್ದರು. ಅವರೇ ನನಗೆ ಹೇಳಿದ್ದು: "ಸತ್ಯ ಹರಿಶ್ಚಂದ್ರ ಅಲ್ಲ ಕಣಮ್ಮ ನಾನು. ಗುಮಾಸ್ತನಿಗೆ ಸರ್ಕಾರ ಸಂಬಳ ಕೊಡ್ತದೆ. ಅದರ ಮೇಲೆ ನಾನ್ಯಾಕೆ ನನ್ನ ಜೇಬಿಂದ ಕೊಡ್ಲಿ? ನನಗೇನು ಹುಚ್ಚಾ?" ಒಂದು ಪೋಸ್ಟ್ ಕವರಿನ ಹಿಂಬದಿಯಲ್ಲಿ ಮೂರು ಕೇಸಿನ ಟಿಪ್ಪಣಿ ಬರೆಯುತ್ತಿದ್ದ ಮನುಷ್ಯ. ಜಿಪುಣತನದಿಂದಲೂ ಒಬ್ಬ ಮನುಷ್ಯ ನೆಟ್ಟಗಿರಬಹುದು ಅನ್ನುವುದನ್ನು ನಾನು ಅವರಿಂದ ತಿಳಿದೆ.

ಲಂಚ ಕೊಡದೆ ಕೆಲಸ ಹೇಗೆ ಮಾಡಿಸುತ್ತಿದ್ದರು ಅಂದರೆ, ಕೂರುತ್ತಿದ್ದರು. ಅಷ್ಟೇ. ಅದೇ ಅವರ ಪ್ರಾಕ್ಟೀಸು. ಅವರಿಗೆ ಮೂಲವ್ಯಾಧಿ ಇತ್ತಾದ್ದರಿಂದ ಕಂಕುಳಲ್ಲಿ ಒಂದು ಹತ್ತಿಯ ದಿಂಬು ಇಟ್ಟುಕೊಂಡೇ ಓಡಾಡುತ್ತಿದ್ದರು. ಕಚೇರಿಗೆ ಹೋಗಿ, ಫೈಲು ಯಾರ ಬಳಿ ಇದೆಯೋ ಆ ಗುಮಾಸ್ತನ ಎದುರು ದಿಂಬು ಹಾಕಿ ಕೂರುವುದು. ಜಗಳ ಇಲ್ಲ, ಅರ್ಜಿ ಇಲ್ಲ. ಕೋರ್ಟಿನಲ್ಲಿ ಅಷ್ಟು ಕೂಗುವವರು ಕಚೇರಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ.

ನಾನು ಅವರನ್ನು ಮೊದಲು ಕಂಡದ್ದು ನಮ್ಮ ಯಳಂದೂರಿನಲ್ಲಿ. ಅಪ್ಪ ಹೋದ ಮೇಲೆ ಮನೆಯ ಖಾತೆ ಅಮ್ಮನ ಹೆಸರಿಗೆ ಆಗಬೇಕಿತ್ತು, ಆಗುತ್ತಿರಲಿಲ್ಲ. ಯಾರೋ ಹೇಳಿದರೆಂದು ಅಮ್ಮ ಇವರನ್ನು ಹಿಡಿದರು. ನಾನು ಆಗ ತಾನೇ ಲಾ ಮುಗಿಸಿ, ಸಂವಿಧಾನದ ವಿಧಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಯಾರ ಮೇಲೆ ಪ್ರಯೋಗಿಸಲಿ ಎಂದು ಕಾಯುತ್ತಿದ್ದೆ. ಗುಮಾಸ್ತನ ಮುಂದೆ ಒಂದೆರಡು ವಿಧಿ ಉದುರಿಸಿಯೂ ನೋಡಿದೆ. ಅವನು ಆಕಳಿಸಿದ. ಸೀನಿಯರ್ ಬಂದು ದಿಂಬು ಹಾಕಿ ಕೂತರು. ಮಧ್ಯಾಹ್ನ ಡಬ್ಬಿ ಬಿಚ್ಚಿ ಮುದ್ದೆ ಉಂಡರು. ಊಟ ಮುಗಿಸಿ ವಾಪಸು ಬಂದ ಗುಮಾಸ್ತ ಅವರು ಅಲ್ಲೇ ಇರುವುದನ್ನು ಕಂಡು, "ಏನ್ ಬೇಕಿತ್ತು ಸಾ?" ಅಂದ.

"ಏನೂ ಬ್ಯಾಡಪ್ಪ. ನಿನ್ನ ಫ್ಯಾನ್ ಗಾಳಿ ಚೆನ್ನಾಗದೆ."

ಮಾರನೆಯ ದಿನವೂ ಗಾಳಿಗೆ ಬಂದರು. ಅವತ್ತು ಸಂಜೆಗೆ ಖಾತೆಯ ಪ್ರತಿ ಅಮ್ಮನ ಕೈಗೆ ಬಂತು. "ಅವ್ರ ತಾವು ಸೇರ್ಕೊ," ಎಂದರು ಅಮ್ಮ. "ಮೊದ್ಲು ಕೂತ್ಕಳದು ಕಲ್ತ್ಕೊ. ಓದಿರದ್ನ ಆಮೇಲ್ ನೋಡ್ಕಳವ."

ಹೀಗೆ ನಾನು ಅವರ ಜೂನಿಯರ್ ಆದೆ. ಕೊಳ್ಳೇಗಾಲದ ಪೇಟೆಯಲ್ಲಿ ಒಂದು ರೇಷ್ಮೆ ಸೀರೆ ಅಂಗಡಿಯ ಮೇಲಿನ ಕೋಣೆ ನಮ್ಮ ಆಫೀಸು. ಮದುವೆ ಸೀರೆಗೆ ಬಂದವರು ದಾರಿ ತಪ್ಪಿ ನಮ್ಮ ಮೆಟ್ಟಿಲು ಹತ್ತುತ್ತಿದ್ದರು. "ಇವಾಗ ಕೆಳಗೋಗಿ, ಆಮೇಲೆ ಇಲ್ಲಿಗೆ ಬರ್ತೀರಿ," ಎಂದು ಸೀನಿಯರ್ ಹೇಳಿ ಕಳಿಸುತ್ತಿದ್ದರು. ಮದುಮಗಳ ತಾಯಂದಿರು ಅದಕ್ಕೆ ಎಷ್ಟು ಬೈದಿದ್ದಾರೋ ಲೆಕ್ಕವಿಲ್ಲ.

ಮಧುವನಹಳ್ಳಿಯವರು ಅವರು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಆದರೆ ಅದನ್ನೂ ಮಧುವನಹಳ್ಳಿಯ ಧಾಟಿಯಲ್ಲೇ ಆಡುತ್ತಿದ್ದರು. ನನಗೆ ಆತುರ ಜಾಸ್ತಿ, ಮೂಗಿನ ತುದಿಯಲ್ಲೇ ಕೋಪ. ಕಚೇರಿಯಿಂದ ಉರಿದುಕೊಂಡು ಬಂದಾಗಲೆಲ್ಲ ಹೇಳುತ್ತಿದ್ದರು: "ಕಚೇರಿ ಅನ್ನೋದು ಎಮ್ಮೆ ಇದ್ದಂಗೆ ಲಾಯರಮ್ಮ. ಒಡದ್ರೆ ಏಳಕಿಲ್ಲ. ಪಕ್ಕದಲ್ಲಿ ಸುಮ್ನೆ ಕೂತಿದ್ರೆ ಅದಕ್ಕೇ ಬೇಜಾರಾಗಿ ಎದ್ದೋಗ್ತದೆ."

ಒಮ್ಮೆ ಕೋರ್ಟಿನಲ್ಲಿ ಎದುರು ವಕೀಲರ ವಾದದ ನಡುವೆ ಅವರು ಗೊರಕೆ ಹೊಡೆದದ್ದು ಇಡೀ ಹಾಲಿಗೆ ಕೇಳಿಸಿತು. ನ್ಯಾಯಾಧೀಶರು ವಿಚಾರಿಸಿದಾಗ ಎದ್ದು ನಿಂತು, "ಕಣ್ಣು ಮುಚ್ಚಿದ್ದೆ ಸ್ವಾಮಿ, ಕಿವಿ ಮುಚ್ಚಿರಲಿಲ್ಲ," ಎಂದು ಎದುರಿನವರ ವಾದವನ್ನು ಮೊದಲಿನಿಂದ ಒಪ್ಪಿಸಿದರು. ಎದುರಿನವರಿಗಿಂತ ಚೆನ್ನಾಗಿಯೇ ಒಪ್ಪಿಸಿದರು. ಆ ಕೇಸು ನಾವು ಸೋತೆವು.

ಪುಟ್ಟತಾಯಮ್ಮ ಬಂದದ್ದು ಒಂದು ಮಧ್ಯಾಹ್ನ. ಬಾಗಿಲಲ್ಲೇ ನಿಂತು, "ಸಾ, ಸತ್ತೋರ ಪರವಾಗಿ ಕೇಸ್ ಆಕ್ಬೋದಾ?" ಎಂದು ಕೇಳಿದಳು. ಸೀರೆಗೆ ಬಂದವಳಲ್ಲ ಎಂದು ಖಾತ್ರಿಯಾಗಿ ಸೀನಿಯರ್ ಒಳಗೆ ಕರೆದರು.

ಆಕೆಯ ಊರು ಹನೂರು ದಾಟಿ, ರಾಮಾಪುರ ದಾಟಿ, ಕಾಡಿಗೆ ಅಂಟಿಕೊಂಡಿದೆ. ಆನೆ ಬರುವುದು ಅಲ್ಲಿ ಹೊಸತಲ್ಲ. ಮುಂಚೆ ಊರವರು ಸರದಿಯ ಮೇಲೆ ಕಾವಲು ಕಾಯುತ್ತಿದ್ದರು. ಹೊಲದ ಮರಗಳಲ್ಲಿ ಅಟ್ಟಣೆ ಕಟ್ಟಿ, ತಗಡು ಬಡಿಯುತ್ತಾ. ಆಮೇಲೆ ಒಂದು ಇಲಾಖೆ ಸೋಲಾರ್ ಬೇಲಿ ಹಾಕಿಸಿತು. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ. ಸೀನಿಯರ್ ಇದ್ದಿದ್ದರೆ ಹೇಳುತ್ತಿದ್ದರು. ನನಗೆ ಇನ್ನೂ ಬಹಳ ವರ್ಷ ಪ್ರಾಕ್ಟೀಸು ಮಾಡಬೇಕಾಗಿದೆ. ಬೇಲಿಯ ಕಂಪನಿ ಹೊರದೇಶದ್ದು. ದೊಡ್ಡವರು ಬಂದು ಟೇಪು ಕತ್ತರಿಸಿದರು. ತಂತಿ ಮುಟ್ಟಿದರೆ ಆನೆಗೂ ಶಾಕ್ ಹೊಡೆಯುತ್ತದೆ, ಇನ್ನು ನೆಮ್ಮದಿಯಾಗಿ ಮಲಗಿ ಎಂದು ಭಾಷಣ ಮಾಡಿದರು. ಊರವರು ನಂಬಿ ಮಲಗಿದರು. ಅಟ್ಟಣೆ ಬಿಚ್ಚಿ, ಅದರ ಮರದಲ್ಲಿ ದನದ ಕೊಟ್ಟಿಗೆಗಳನ್ನು ರಿಪೇರಿ ಮಾಡಿಕೊಂಡರು.

ಒಂದು ದಿನ ಬೆಳಗಿನ ಜಾವ ಪುಟ್ಟತಾಯಮ್ಮನ ಗಂಡ ಮಾದೇವ, ಮೋಟರಿಗೆ ಕರೆಂಟು ಬಂತೆಂದು ಹೊಲಕ್ಕೆ ಹೋದವನು ಆನೆಗೆ ಸಿಕ್ಕಿ ಸತ್ತ. ಬೇಲಿಯ ತಂತಿ ತುಂಡಾಗಿ ಬಿದ್ದಿತ್ತು. ಊರಿನ ಅರ್ಧ ರಾಗಿ, ಜೋಳ ಅವತ್ತೇ ನೆಲಸಮವಾಗಿತ್ತು. ಮಾದೇವನ ಪಕ್ಕದಲ್ಲಿ ಮಚ್ಚು ಬಿದ್ದಿತ್ತು. ಆ ಸೀಮೆಯಲ್ಲಿ ಮಚ್ಚಿಲ್ಲದೆ ಹೊಲಕ್ಕೆ ಹೋಗುವ ಗಂಡಸೇ ಇಲ್ಲ, ಆದರೆ ವರದಿ ಬರೆದವರಿಗೆ ಅಷ್ಟೇ ಸಾಕಾಯಿತು. ಬೇಲಿ ಸುಸ್ಥಿತಿಯಲ್ಲಿತ್ತು, ಮೃತನು ಕಾಡಿನೊಳಗೆ ದನ ನುಗ್ಗಿಸಲು ತಂತಿ ಕತ್ತರಿಸಿದ್ದರಿಂದ ಆನೆ ಒಳಬಂದಿದೆ ಎಂದು ಬರೆದರು. ಪರಿಹಾರ ಇಲ್ಲ ಎಂದರು.

"ಪರಿಹಾರ ಓಗ್ಲಿ ಬುಡಿ ಸಾ," ಅಂದಳು ಪುಟ್ಟತಾಯಮ್ಮ. "ಊರ್ನೋರು ಅದ್ನ ನಂಬುದ್ರು."

ಊರಿನ ನ್ಯಾಯ ಸೇರಿತು. ಮಾದೇವ ತಂತಿ ಕುಯ್ದದ್ದರಿಂದ ಎಲ್ಲರ ಬೆಳೆ ಹೋಯಿತು. ಸತ್ತವನನ್ನು ಕೇಳುವ ಹಾಗಿಲ್ಲ. ಅವನ ಹೆಂಡತಿ ಮಾದಪ್ಪನ ಗುಡಿಗೆ ತಪ್ಪುಕಾಣಿಕೆ ಕಟ್ಟಲಿ ಎಂದು ಯಜಮಾನರು ತೀರ್ಮಾನ ಕೊಟ್ಟರು. ತಪ್ಪೆಂದರೆ ಒಂದು ತೆಂಗಿನಕಾಯಿ, ಒಂದು ಸಣ್ಣ ನೋಟು, ಊರ ಮುಂದೆ ಒಂದು ಅಡ್ಡಬೀಳುವುದು. ಅಷ್ಟು ಮಾಡಿದರೆ ಅವತ್ತಿಗೆ ಮುಗಿಯಿತು, ಆಮೇಲೆ ಯಾರೂ ಆ ಮಾತೆತ್ತುವಂತಿಲ್ಲ. ಪುಟ್ಟತಾಯಮ್ಮ ಕಟ್ಟಲಿಲ್ಲ. ಊರವರು ಆಕೆಯ ಜೊತೆ ಮಾತು ಬಿಡಲಿಲ್ಲ; ಆಕೆಯ ಮನೆಯ ನೀರು ಬಿಟ್ಟರು. ಹಬ್ಬಕ್ಕೆ ಕರೆಯುತ್ತಾರೆ, ಕೂಲಿಗೆ ಕರೆಯುತ್ತಾರೆ, ಜಗಲಿಯಲ್ಲಿ ಕೂತು ಹರಟುತ್ತಾರೆ. ನೀರು ಕೊಟ್ಟರೆ ಬಾಯಾರಿಕೆ ಇಲ್ಲ ಎನ್ನುತ್ತಾರೆ.

ಸೀನಿಯರ್ ಕೇಳಿ ಮುಗಿಸಿ ವ್ಯವಹಾರದ ಮಾತಾಡಿದರು. "ತಾಯಿ, ಒಂದು ಕಾಯಿ ತಾನೆ. ಒಡ್ಸಿ ಬುಡು. ಕೇಸು ಅಂತ ಅಲೆದ್ರೆ ಬಸ್ ಚಾರ್ಜೇ ಅದ್ಕಿಂತ ಜಾಸ್ತಿ ಆಯ್ತದೆ."

"ಕಾಯಿ ಒಡುದ್ರೆ ನಮ್ಮನೇವ್ರು ಕಳ್ಳ ಅಂತ ನಾನೇ ಒಪ್ಕಂಡಂಗಾಯ್ತದಲ್ಲ ಸಾ."

"ಊರ್ನೋರ ಮೇಲೇ ಕೇಸ್ ಹಾಕಬೋದು. ಹಿಂಗೆ ನೀರು ಬಿಡ್ಸೋದು ಕಾನೂನಿಗೆ ವಿರುದ್ಧ."

"ಅದ್ ಮಾತ್ರ ಬ್ಯಾಡ. ನಾಳ್ಕೆ ನಾ ಸತ್ರೆ ಒತ್ಕಂಡ್ ಓಗೋರು ಅವ್ರೇ ತಾನೆ?"

ಸೀನಿಯರ್ ನನ್ನ ಕಡೆ ನೋಡಿದರು. ಕೊಡಬಾರದ್ದನ್ನು ಕೊಡುವುದಿಲ್ಲ ಎಂದು ಹಟ ಹಿಡಿದ ಇನ್ನೊಬ್ಬರು ಈ ತಾಲ್ಲೂಕುಗಳಲ್ಲಿ ಇದ್ದಾರೆಂದು ಅವರಿಗೆ ಗೊತ್ತಿರಲಿಲ್ಲವೋ ಏನೋ. ವಕಾಲತ್ತಿಗೆ ಸಹಿ ಹಾಕಿಸಿಕೊಂಡರು.

ವರದಿಯ ಪ್ರತಿಗಾಗಿ ಇಲಾಖೆಯಲ್ಲಿ ಹೋಗಿ ಕೂತರು. ಅಲ್ಲಿಯ ಎಮ್ಮೆ ಏಳುವುದು ಸ್ವಲ್ಪ ತಡವಾಯಿತು, ಆದರೆ ಎದ್ದಿತು. ಕರೆಂಟು ಹರಿಯುವ ತಂತಿಯನ್ನು ಮಚ್ಚಿನಲ್ಲಿ ಕಡಿದವನು ಅಲ್ಲೇ ಹಾರಿ ಬೀಳಬೇಕಿತ್ತಲ್ಲ ಎಂದು ಇವರು ಕೇಳಿದರೆ, ಮಚ್ಚಿಗೆ ಮರದ ಹಿಡಿ ಇತ್ತು ಎಂದು ಅಲ್ಲಿಯ ಅಧಿಕಾರಿ ಉತ್ತರ ಕೊಟ್ಟ. ಬೇಲಿಯನ್ನೇ ಪರೀಕ್ಷೆ ಮಾಡಿಸೋಣವೆಂದರೆ, ಅಷ್ಟರಲ್ಲಿ ಅದನ್ನು ಕಿತ್ತು ಗುಜರಿಗೆ ಹಾಕಿಯಾಗಿತ್ತು. ಕೇಸು ಅಲ್ಲಿಗೆ ನಿಂತುಹೋಯಿತು. ಪುಟ್ಟತಾಯಮ್ಮ ಆಗಾಗ ಬಂದು, ಮೆಟ್ಟಿಲ ಮೇಲೆ ಕೂತು, ಏನಾದರೂ ಆಯ್ತಾ ಎಂದು ಕೇಳಿ ಹೋಗುತ್ತಿದ್ದಳು. ಬರುವಾಗ ಒಂದು ಸೇರು ಹುರುಳಿ ತರುತ್ತಿದ್ದಳು. ಸೀನಿಯರ್ ಅದನ್ನು ಫೀಸಿನ ಖಾತೆಗೆ ಜಮಾ ಮಾಡಿಕೊಳ್ಳುತ್ತಿದ್ದರು, ನಾಚಿಕೆಯೇ ಇಲ್ಲದೆ.

ಆಮೇಲೊಂದು ದಿನ ಸಂಘದ ಲೈಬ್ರರಿಯ ಪತ್ರಿಕೆಯನ್ನು ಹರಿದು ಜೇಬಿಗಿಟ್ಟುಕೊಂಡು ಬಂದರು. ಬೇಲಿಯ ಕಂಪನಿ ಅದರ ದೇಶದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತ್ತು. ಆರ್ಡರು ಹಿಡಿಯುವುದಕ್ಕೂ, ಕೆಲಸ ಸರಿಯಾಗಿದೆ ಎಂದು ಬರೆಸಿಕೊಳ್ಳುವುದಕ್ಕೂ ಹಲವು ದೇಶಗಳ ಅಧಿಕಾರಿಗಳಿಗೆ ದುಡ್ಡು ತಿನ್ನಿಸಿದೆ, ಅದರಲ್ಲಿ ನಮ್ಮದೂ ಒಂದು. ಕಂಪನಿ ದಂಡ ಕಟ್ಟಬೇಕು. ದಂಡದ ಒಂದು ಪಾಲು ಆಯಾ ದೇಶಗಳಲ್ಲಿ ನೊಂದವರಿಗೆ ಸಲ್ಲಬೇಕು. ನೊಂದವರು ಯಾರೆಂದು ತೀರ್ಮಾನಿಸಲು ವಿಚಾರಣೆ ನಡೆಯುತ್ತದೆ ಎಂದು ಸುದ್ದಿ.

ನಾನು ಕುಣಿದಾಡಿಬಿಟ್ಟೆ. ಸೀನಿಯರ್ ಮುಖ ಚಿಕ್ಕದಾಯಿತು. "ಅಷ್ಟು ದೂರದ ಕಚೇರಿ. ಅಲ್ಲಿ ಹೋಗಿ ಕೂರೋದ್ ಹೆಂಗೆ?" ಎಂದರು. ನಿಜವಾಗಿ ಚಿಂತೆಯಾಗಿತ್ತು ಅವರಿಗೆ.

ಕೂರುವ ಅಗತ್ಯ ಬೀಳಲಿಲ್ಲ. ಅರ್ಜಿ ಹಾಕಿದ ಮೇಲೆ, ಇಲ್ಲಿಯ ಅರ್ಜಿಗಳನ್ನೆಲ್ಲ ಒಟ್ಟುಮಾಡುವ ಕೆಲಸಕ್ಕೆ ನೇಮಕವಾದ ಒಬ್ಬ ತರುಣ ವಕೀಲ ಬೆಂಗಳೂರಿನಿಂದ ನಮ್ಮ ಕೋಣೆಗೇ ಬಂದ. ಒಳ್ಳೆಯ ಹುಡುಗ, ಪಾಪ. ನಷ್ಟದ ವಿವರ ಕೇಳಿದ. ಸೀನಿಯರ್ "ಹೆಸರು" ಎಂದರು. ಅವನು ಪುಟ್ಟತಾಯಮ್ಮ ಎಂದು ಬರೆದುಕೊಂಡ.

"ಅದಲ್ಲಪ್ಪ. ಹೋಗಿರೋದು ಹೆಸರು. ಆಯಮ್ಮನ ಗಂಡನ ಹೆಸರು."

"ಅದಕ್ಕೆ ಮೊತ್ತ ಎಷ್ಟು ಅಂತ ಹಾಕ್ಲಿ ಸರ್? ಮೊತ್ತ ಇಲ್ಲದೆ ಅವರು ತಗೊಳಲ್ಲ."

"ನಿನ್ನ ಹೆಸರಿಗೆ ಎಷ್ಟು ಹಾಕ್ತೀಯೋ ಅಷ್ಟೇ ಹಾಕು."

ಹುಡುಗ ಬಹಳ ಹೊತ್ತು ಯೋಚಿಸಿ ಆ ಜಾಗ ಖಾಲಿ ಬಿಟ್ಟ. ಅದೇ ಮುಂದೆ ನಮಗೆ ಮುಳುವಾಯಿತು, ಆದರೆ ಅವನ ತಪ್ಪೇನೂ ಇಲ್ಲ.

ವಿಚಾರಣೆ ನಮ್ಮ ಕೋಣೆಯಲ್ಲೇ, ನನ್ನ ಲ್ಯಾಪ್‌ಟಾಪಿನ ಮುಂದೆ ಆಯಿತು. ಅತ್ತ ಕಡೆ ಬೆಳ್ಳಗೆ ತಲೆ ನರೆತ ನ್ಯಾಯಾಧೀಶೆ, ಕಂಪನಿಯ ವಕೀಲ. ಇತ್ತ ಕಡೆ ಪುಟ್ಟತಾಯಮ್ಮ, ದಿಂಬಿನ ಮೇಲೆ ಸೀನಿಯರ್, ಮಾತು ತಿರುಗಿಸಿ ಹೇಳಲು ನಾನು. ಪ್ರಮಾಣ ಮಾಡಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. "ಬೇಲಿಗೂ ಇಲ್ಲ, ಸಾಕ್ಷಿಗೂ ಇಲ್ಲ," ಎಂದರು ಸೀನಿಯರ್. ಕೆಳಗಿನ ಸೀರೆ ಅಂಗಡಿಯ ಯುಪಿಎಸ್‌ನಿಂದ ವೈರು ಎಳೆದುಕೊಂಡು ಮುಂದುವರಿಸಿದೆವು.

ಕಂಪನಿಯ ವಕೀಲ ಸಭ್ಯಸ್ಥ. ಬೇಲಿಯನ್ನು ನೀವು ಎಂದಾದರೂ ಮುಟ್ಟಿದ್ದಿರಾ ಎಂದು ಕೇಳಿದ.

"ದಿನಾ ಮುಟ್ತಿದ್ವಿ. ಬಟ್ಟೆ ಒಣಗಾಕ್ತಿದ್ವಿ."

ನಾನು ಅದನ್ನು ಇಂಗ್ಲಿಷಿಗೆ ಹೇಳುವಾಗ ನನ್ನ ದನಿಯೇ ಬಿದ್ದುಹೋಯಿತು. ವಕೀಲ ಮುಂದಕ್ಕೆ ಬಾಗಿದ. ಹಾಗಾದರೆ ಬೇಲಿಯಲ್ಲಿ ಕರೆಂಟು ಇಲ್ಲವೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ನಂಬಿ ಕಾವಲು ಬಿಟ್ಟಿರಿ. ಹೌದೆ?

"ಅಗಲೊತ್ತು ಇರಕಿಲ್ಲ, ರಾತ್ರಿಗೆ ಮಾತ್ರ ಬರ್ತದೆ ಅಂದಿದ್ರು ಸಾ ನಿಮ್ಮೋರು. ಅಗಲೆಲ್ಲ ಬಿಸ್ಲು ಕುಡೀತದೆ, ರಾತ್ರಿ ಬುಡ್ತದೆ ಅಂತ."

"ಅದನ್ನು ನೀವು ನಂಬಿದಿರಾ?"

ಪುಟ್ಟತಾಯಮ್ಮ ಅವನನ್ನು ಕನಿಕರದಿಂದ ನೋಡಿದಳು. "ನಮ್ಮ ಮೋಟರ್ಗೂ ಅಂಗೇ ಅಲ್ವಾ ಸಾ? ಅಗಲೊತ್ತಲ್ಲಿ ಯಾವತ್ತು ಕರೆಂಟ್ ಕೊಟ್ಟವ್ರೆ?"

ಹೊಲದ ಮೋಟರಿಗೆ ನಮ್ಮಲ್ಲಿ ಕರೆಂಟು ಬರುವುದೇ ಜನ ಮಲಗಿದ ಮೇಲೆ ಎಂದು ನ್ಯಾಯಾಧೀಶೆಗೆ ವಿವರಿಸಲು ನನಗೆ ಸುಮಾರು ಹೊತ್ತು ಹಿಡಿಯಿತು. ಯಾಕೆ ಹಾಗೆ ಎಂದು ಅವರು ಕೇಳಿದರು. ಅದು ನಮಗೂ ಗೊತ್ತಿಲ್ಲ ಎಂದು ಹೇಳಿದೆ. ರಾತ್ರಿ ಬೇಲಿ ಮುಟ್ಟಿ ನೋಡಲು ಯಾರಿಗೂ ಧೈರ್ಯವಿರಲಿಲ್ಲ. ಹಗಲು ಸೀರೆ ಹರಡುತ್ತಿದ್ದ ತಂತಿಗೇ ಕತ್ತಲಾದ ಮೇಲೆ ಊರಿಗೆ ಊರೇ ಹೆದರಿಕೊಂಡು ಮಲಗಿತ್ತು.

ವಕೀಲ ಕೊನೆಗೆ ಒಂದು ಪ್ರಶ್ನೆ ಹಾಕಿದ. ಈಕೆಯ ನೆರೆಯವರು ಈಕೆಯ ಮನೆಯಲ್ಲಿ ನೀರು ಕುಡಿಯದಿದ್ದರೆ ಅದಕ್ಕೆ ನಮ್ಮ ಕಂಪನಿ ಹೇಗೆ ಹೊಣೆ?

ಸೀನಿಯರ್ ದಿಂಬಿನಿಂದ ಎದ್ದರು. ಕ್ಯಾಮರಾದಲ್ಲಿ ಅವರ ಹೊಟ್ಟೆ ಮಾತ್ರ ಕಾಣುತ್ತಿತ್ತು. ನಾನು ಪರದೆ ಮೇಲಕ್ಕೆ ತಿರುಗಿಸಿದೆ. ತಮ್ಮ ಮಧುವನಹಳ್ಳಿಯ ಇಂಗ್ಲಿಷಿನಲ್ಲಿ, ಒಂದು ಚೂರೂ ಕೂಗದೆ ಹೇಳಿದರು: "ಸ್ವಾಮಿ, ನಿಮ್ಮ ಕಂಪನಿಯ ದುಡ್ಡು ತಗೊಂಡು ಇಲ್ಲೊಬ್ಬ ಬೇಲಿ ಸರಿಯಾಗಿದೆ ಅಂತ ಸಹಿ ಹಾಕಿದ. ಬೇಲಿ ಸರಿಯಾಗಿದ್ದ ಮೇಲೆ ಆನೆ ಒಳಗೆ ಬಂದದ್ದಕ್ಕೆ ಯಾರಾದರೂ ಮನುಷ್ಯ ಬೇಕಲ್ಲ. ಸತ್ತವನು ಸಿಕ್ಕಿದ." ಅಷ್ಟು ಹೇಳಿ ಕೂತರು. ಅವರು ವರ್ಷಗಟ್ಟಲೆ ಕಿರುಚಿದ್ದನ್ನೆಲ್ಲ ನಾನು ಆ ಮೂರು ವಾಕ್ಯಕ್ಕಾಗಿ ಕ್ಷಮಿಸಿದೆ.

ತಿಂಗಳುಗಳು ಕಳೆದು ಆದೇಶ ಬಂತು. ಮೊತ್ತವನ್ನೇ ಬರೆಯದ ಅರ್ಜಿಗಳೂ ಇವೆ, ಒಬ್ಬೊಬ್ಬರ ನಷ್ಟವನ್ನು ಅಷ್ಟು ದೂರದಿಂದ ಅಳೆಯಲು ಸಾಧ್ಯವಿಲ್ಲ. ದುಡ್ಡು ತೆತ್ತು ಕೆಟ್ಟ ಬೇಲಿ ಕೊಂಡದ್ದು ಸರ್ಕಾರ. ಆದ್ದರಿಂದ ನೊಂದ ಪಕ್ಷ ಸರ್ಕಾರ. ಪರಿಹಾರವೂ ಅದಕ್ಕೇ, ಸಂಬಂಧಪಟ್ಟ ಇಲಾಖೆಯ ಮೂಲಕ. ನಾನು ಓದಿ ಮೇಜು ಗುದ್ದಿದೆ. ಸಂಬಂಧಪಟ್ಟ ಇಲಾಖೆ! ಅದಕ್ಕಿಂತ ಸಂಬಂಧಪಟ್ಟವರು ಇನ್ಯಾರಿದ್ದರು?

"ಕುರಿ ಕಾಯಕ್ಕೆ ತೋಳನ್ನ ಬುಟ್ಟಂಗಾಯ್ತು," ಎಂದರು ಸೀನಿಯರ್. "ಈಗ ತೋಳಕ್ಕೆ ಕೂಲೀನೂ ಕೊಡ್ತಾವ್ರೆ." ಎಂದವರು ಕನ್ನಡಕ ಏರಿಸಿ ಆದೇಶವನ್ನು ಮೊದಲ ಪುಟದಿಂದ ಓದಲು ಕೂತರು. ಸಂಜೆ ನಾನು ಮನೆಗೆ ಹೊರಡುವಾಗ ಒಂದು ಪ್ಯಾರಾದ ಮೇಲೆ ಬೆರಳಿಟ್ಟು, ಇದನ್ನು ಕನ್ನಡಕ್ಕೆ ಮಾಡು ಎಂದರು. ನಾನು 'ವಿದ್ಯುತ್ ಪ್ರವಾಹವು' ಎಂದು ಶುರುಮಾಡಿದ್ದೆ. "ಇದು ಯಾರಿಗಮ್ಮ, ಜಡ್ಜಿಗಾ? ಊರಿಗೆ ಬರಿ," ಎಂದು ಹರಿದು ಹಾಕಿದರು. ಕೊನೆಗೆ ಹೀಗೆ ಬರೆದೆ: 'ಬೇಲಿ ಹಾಕಿದ ದಿನದಿಂದ ಅದರಲ್ಲಿ ಕರೆಂಟು ಇರಲಿಲ್ಲ. ಹಗಲೂ ಇರಲಿಲ್ಲ, ರಾತ್ರಿಯೂ ಇರಲಿಲ್ಲ. ಬೇಲಿಯ ಪೆಟ್ಟಿಗೆಯೊಳಗೆ ಇರಬೇಕಾದ ಕರೆಂಟಿನ ಯಂತ್ರವನ್ನು ಕಂಪನಿ ಹಾಕಿರಲೇ ಇಲ್ಲ. ಹಾಕಿದೆ ಎಂದು ಬರೆದುಕೊಟ್ಟವರಿಗೆ ದುಡ್ಡು ಸಂದಿದೆ.' ಸೀನಿಯರ್ ಅದಕ್ಕೆ ನೋಟರಿಯ ಕೆಂಪು ಮುದ್ರೆ ಹಾಕಿಸಿದರು. ಕಾನೂನಿನಲ್ಲಿ ಆ ಮುದ್ರೆಗೆ ಕಿಲುಬು ಕಾಸಿನ ಬೆಲೆಯಿಲ್ಲ. "ಇರ್ಲಿ, ಕೆಂಪಗದೆ," ಎಂದರು.

ಅದನ್ನು ಹಿಡಿದು ಪುಟ್ಟತಾಯಮ್ಮನ ಊರಿಗೆ ಬಸ್ಸಿನಲ್ಲಿ ಹೋದೆವು. ಬೆಂಗಳೂರಿನ ಹುಡುಗ ಕಾರು ಕಳಿಸುತ್ತೇನೆಂದಿದ್ದ, ಇವರು ಬೇಡವೆಂದರು. ಕಾರಿನಲ್ಲಿ ಇಳಿದರೆ ಇನ್ನೊಂದು ಬೇಲಿ ಹಾಕಲು ಬಂದವರೆಂದು ಜನ ಓಡಿಹೋಗುತ್ತಾರೆ ಎಂದು. ಊರಿನ ಅರಳಿಕಟ್ಟೆಯ ಮೇಲೆ ಯಜಮಾನರು, ಇನ್ನೂ ಕೆಲವು ಹಿರಿಯರು ಸೇರಿದರು. ಪುಟ್ಟತಾಯಮ್ಮ ಬರಲಿಲ್ಲ. ಸೀನಿಯರ್ ಕಾಗದ ಓದಿದರು. ಯಜಮಾನರು ಕೈಗೆ ತೆಗೆದುಕೊಂಡು ಮುದ್ರೆ ಸವರಿ ನೋಡಿದರು.

"ಅಂದ್ರೆ ರಾತ್ರಿಗೂ ಇರ್ನಿಲ್ವಾ ಸಾ?"

"ಇರ್ಲಿಲ್ಲ."

"ನಾವು ರಾತ್ರಿಗೆ ಅದ್ರ ಅತ್ರುಕ್ಕೇ ಓಯ್ತಿರ್ನಿಲ್ಲ."

"ಆನೆ ಓಯ್ತಿತ್ತು," ಎಂದರು ಸೀನಿಯರ್.

ಹಿಂದೆ ಕೂತಿದ್ದ ಒಬ್ಬ, ತಂತಿ ತುಂಡಾಗಿದ್ದಂತೂ ನಿಜವಲ್ಲವೇ ಎಂದ. ಕರೆಂಟಿಲ್ಲದ ತಂತಿ ತುಳಿಯಲು ಆನೆಗೆ ಮಾದೇವನ ಮಚ್ಚು ಬೇಕಿತ್ತಾ ಎಂದು ಸೀನಿಯರ್ ಕೇಳಿದರು. ಕಟ್ಟೆಯ ಮೇಲಿದ್ದ ಪ್ರತಿಯೊಬ್ಬನಿಗೂ ಆ ರಾತ್ರಿಗಳು, ತಾವು ಮಲಗಿದ್ದದ್ದು, ಅಟ್ಟಣೆಯ ಮರ ಕೊಟ್ಟಿಗೆಗೆ ಹೋದದ್ದು ನೆನಪಿಗೆ ಬರುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಯಜಮಾನರು, "ಊರು ತಪ್ಪು ಕಟ್ಟ ಪದ್ಧತಿ ಇಲ್ಲ ಸಾ ನಮ್ಮಲ್ಲಿ," ಎಂದರು.

"ಕಟ್ಟಿ ಅಂತ ನಾನೆಲ್ಲಿ ಕೇಳ್ದೆ?" ಎಂದು ಸೀನಿಯರ್ ದಿಂಬಿನ ಮೇಲೆ ಸರಿಯಾಗಿ ಕೂತರು.

ಯಜಮಾನರು ಇನ್ನಷ್ಟು ಹೊತ್ತು ಕೂತಿದ್ದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಎಲ್ಲಿಗೆಂದು ಹೇಳಲಿಲ್ಲ. ಉಳಿದವರೂ ಎದ್ದರು. ಪುಟ್ಟತಾಯಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿಯ ಕಲ್ಲು ಆರಿಸುತ್ತಿದ್ದಳು. ಅಷ್ಟು ಜನ ಬಂದು ಅಂಗಳದಲ್ಲಿ ನಿಂತರೂ ಏಳಲಿಲ್ಲ.

"ಬಾಯಾರ್ಕೆ ಆಗದೆ ಕಣವ್ವ," ಎಂದರು ಯಜಮಾನರು. "ಒಂದ್ ಚೊಂಬು ನೀರ್ ಕೊಡು."

"ಬಾಯಾರ್ಕೆ ಆದ್ರೆ ಕಟ್ಟೆ ತಾವೇ ಬೋರು ಅದಲ್ಲ."

ಪುಟ್ಟತಾಯಮ್ಮ ಒಂದು ಕಲ್ಲು ಆರಿಸಿ ಎಸೆದಳು. "ಯಾಕ್ ಬಂದ್ರಿ ಅಂತ ಬಾಯ್ಬುಟ್ಟು ಏಳಿ. ನೀರು ಆಮೇಲೆ."

"ಮಾದೇವ ತಂತಿ ಕುಯ್ನಿಲ್ಲ."

"ಇವ್ರೆಲ್ಲ?"

ಒಬ್ಬೊಬ್ಬರಾಗಿ ಹೇಳಿದರು. ಮಾದೇವ ತಂತಿ ಕುಯ್ನಿಲ್ಲ. ಕೆಲವರು ಮೆಲ್ಲಗೆ, ಒಬ್ಬ ತೀರ ಜೋರಾಗಿ. ಪುಟ್ಟತಾಯಮ್ಮ ಎಲ್ಲರದ್ದೂ ಮುಗಿಯುವವರೆಗೂ ಮೊರ ಬಿಡಲಿಲ್ಲ. ಆಮೇಲೆ ಎದ್ದು ಒಳಗೆ ಹೋಗಿ, ಚೊಂಬು ತುಂಬಿ ತಂದು ಯಜಮಾನರ ಕೈಗಿತ್ತಳು. ಚೊಂಬು ಕೈಯಿಂದ ಕೈಗೆ ಹೋಯಿತು. ನನಗೆ ಅಳು ತಡೆಯಲಾಗಲಿಲ್ಲ. ಸೀನಿಯರ್ ಕಡೆ ನೋಡಿದರೆ ಅವರು ಗೋಡೆಗೆ ಮುಖಮಾಡಿ ಕನ್ನಡಕ ಒರೆಸುತ್ತಿದ್ದರು, ಬಹಳ ಹೊತ್ತು ಒರೆಸಿದರು.

ಇಲಾಖೆಗೆ ಬಂದ ದುಡ್ಡು ಏನಾಯಿತೋ ನನಗೆ ತಿಳಿಯದು. ಪುಟ್ಟತಾಯಮ್ಮನಿಗೆ ಬರಬೇಕಾದ ಇಲ್ಲಿಯ ಪರಿಹಾರಕ್ಕೆ ಅದೇ ಪ್ಯಾರಾ ಲಗತ್ತಿಸಿ ಸೀನಿಯರ್ ಮತ್ತೆ ಅರ್ಜಿ ಹಾಕಿದ್ದರು. ಅದಿನ್ನೂ ನಡೆಯುತ್ತಿದೆ.

ಅವರು ಹಾಸಿಗೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಹೊರದೇಶದ ಆ ಕೋರ್ಟಿನ ಕಚೇರಿಯಿಂದ ಒಂದು ಮೇಲ್ ಬಂತು. ಫೈಲು ಮುಗಿಸಬೇಕಾಗಿದೆ, ನಿಮ್ಮ ಅರ್ಜಿದಾರರಿಗೆ ಬೇರೆ ಯಾವುದಾದರೂ ಮೂಲದಿಂದ ಪರಿಹಾರ ಸಿಕ್ಕಿದೆಯೇ, ಸಿಕ್ಕಿದ್ದರೆ ಎಷ್ಟು ಎಂದು ಕೇಳಿದ್ದರು. ಇಲ್ಲ ಎಂದು ಬರೆಯಲು ಹೊರಟ ನನ್ನನ್ನು ಸೀನಿಯರ್ ತಡೆದರು.

"ಸಿಕ್ಕಿದೆ ಅಂತ ಬರಿ. ಒಂದು ಚೊಂಬು ನೀರು."

ನಾನು ಬರೆದೆ. ಕೊಟ್ಟವರು ಯಾರು ಎಂದು ಮುಂದಿನ ಪ್ರಶ್ನೆ ಇತ್ತು. ಊರಿನ ಹೆಸರು ಹಾಕಲೇ ಎಂದು ಕೇಳಿದೆ.

"ಊರು ಎಲ್ಲಿ ಕೊಡ್ತಮ್ಮ? ಊರು ಕುಡೀತು. ಕೊಟ್ಟೋಳು ನಮ್ಮ ಪುಟ್ಟತಾಯಮ್ಮ."

ಹಾಗೆಯೇ ಟೈಪ್ ಮಾಡಿ ಕಳಿಸಿದೆ. ಅವರಿಂದ ಮತ್ತೆ ಪ್ರಶ್ನೆ ಬರಲಿಲ್ಲ.